ಏಳನೇ ನಂಬರಿನ ಪೈಪು

ವಸಂತಿ ಬಂಗೇರರ ಮನೆಯ ಬೆಲ್ಲನ್ನು ಯಾರೋ ಬೆರಳು ತೆಗೆಯದೆ ಒತ್ತುತ್ತಲೇ ಇದ್ದರು. ಬೆಳಗಿನ ಎಂಟೂವರೆ. ನಾನು ಎಂದಿನಂತೆ ನನ್ನ ಮೂರನೇ ಮಹಡಿಯಿಂದ ಅವರ ಎರಡನೇ ಮಹಡಿಗೆ ಇಳಿದು ಬಂದು, ಅವರ ಕಾಫಿ ಕುಡಿಯುತ್ತ ಅವರ ಪೇಪರನ್ನು ಅವರಿಗಿಂತ ಮೊದಲು ಓದುತ್ತಿದ್ದೆ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಂಟಲು ಹರಿದುಕೊಂಡ ದಾನಪ್ಪ ಮಾಸ್ತರನಿಗೆ ಅಷ್ಟೂ ಹಕ್ಕಿಲ್ಲವೇ? ಸಿಡಿಮಿಡಿಗೊಂಡೇ ಎದ್ದು ಬಾಗಿಲು ತೆಗೆದೆ. ಹೊರಗೆ ಕಾಶವ್ವ ನಿಂತಿದ್ದಳು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಕಾಶವ್ವ ವಿಜಯಪುರದ ಕಡೆಯವಳು. ಸಯನ್ ಕೋಳಿವಾಡದ ಚಾಳಿನಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಅವಳ ಒಬ್ಬಳೇ ಮಗಳು ಶೈಲಾ ನನ್ನ ಕೈಯಲ್ಲಿ ಓದಿದವಳು. ಕಾಶವ್ವನ ಎರಡೂ ಕೈಗೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿತ್ತು. ಒಲೆಯ ಮುಂದಿನಿಂದ ಹಾಗೇ ಎದ್ದು ಬಂದಿದ್ದಳು.

"ಮಾಸ್ತರ, ಅಕ್ಕಾರ ಅದಾರೇನ್ರಿ? ನನ್ನ ಮಗಳನ್ನ ಪೊಲೀಸ್ರು ಕರಕೊಂಡು ಹೋದ್ರು. ಕೊಲಿ ಮಾಡ್ಯಾಳಂತ! ನನ್ನ ಶೈಲಾ ಕೊಲಿ ಮಾಡ್ತಾಳೇನ್ರಿ?"

ಒಳಗಿನಿಂದ ವಸಂತಿ ಬಂದರು. ಅರವತ್ತು ದಾಟಿದ ಹೆಂಗಸು, ಕಾಪು ಕಡೆಯವರು. ಇನ್ಶೂರೆನ್ಸ್ ಸರ್ವೇಯರ್ ಆಗಿ ಮೂವತ್ತು ವರ್ಷ ಸುಟ್ಟ ಗೋದಾಮು, ಒಡೆದ ಬಾಯ್ಲರ್‌ಗಳ ನಡುವೆ ಓಡಾಡಿ, ತಾನೇ ಹೊತ್ತಿಕೊಂಡ ಬೆಂಕಿ ಯಾವುದು ಹಚ್ಚಿದ ಬೆಂಕಿ ಯಾವುದು ಎಂದು ಹೇಳುತ್ತಿದ್ದವರು. ನಿವೃತ್ತರಾದ ಮೇಲೆ ಪೊಲೀಸರೂ ಒಮ್ಮೊಮ್ಮೆ ಬಾಗಿಲು ತಟ್ಟುತ್ತಾರೆ. ಪತ್ತೇದಾರಿಣಿ ಎಂದು ಕರೆದರೆ ಮಾತ್ರ ಅವರಿಗೆ ಆಗುವುದಿಲ್ಲ.

"ಕೂತ್ಕೊಳ್ಳಿ ಅಮ್ಮ. ಅಳುವುದು ಆಮೇಲೆ ಉಂಟು" ಎಂದರು. "ಯಾರು ಸತ್ತದ್ದು, ಎಲ್ಲಿ, ಅದನ್ನು ಮೊದಲು ಹೇಳಿ."

ಕಾಶವ್ವ ಬಿಕ್ಕುತ್ತ ಹೇಳಿದ್ದಿಷ್ಟು. ಶೈಲಾ ಬಾಟಲಿ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಚುರುಕಾಗಿದ್ದಾಳೆಂದು ಕಂಪನಿಯೇ ಅವಳನ್ನು ಭಾಂಡುಪ್‌ನ ಗಾಜು ತಯಾರಿಕೆಯ ತರಬೇತಿ ಕೇಂದ್ರಕ್ಕೆ ಆರು ತಿಂಗಳ ಮಟ್ಟಿಗೆ ಕಳಿಸಿತ್ತು. ಗಾಜು ಕರಗಿಸುವ ಭಟ್ಟಿಯ ಕೆಲಸ ಕಲಿಯಲು ಅಲ್ಲಿಗೆ ಬಂದ ಮೊದಲ ಹೆಣ್ಣುಮಗಳು ಅವಳು. ನಿನ್ನೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಲ್ಲಿನ ಮುಖ್ಯ ಶಿಕ್ಷಕ ಬಸವಂತರಾಯರ ತಲೆಗೆ ಯಾರೋ ಗಾಜು ಊದುವ ಕಬ್ಬಿಣದ ಪೈಪಿನಿಂದ ಹೊಡೆದು ಕೊಂದಿದ್ದರು. ಆ ಪೈಪು ಶೈಲಾಳದು. ಮೊದಲು ನೋಡಿ ಕೂಗಿದವಳೂ ಶೈಲಾ. ಪೊಲೀಸರು ಸಂಜೆತನಕ ಪ್ರಶ್ನೆ ಕೇಳಿ ಮನೆಗೆ ಕಳಿಸಿ, ಈ ಬೆಳಿಗ್ಗೆ ಏಳಕ್ಕೆ ಇಡೀ ಚಾಳಿನೆದುರು ಮತ್ತೆ ಕರೆದೊಯ್ದಿದ್ದರು.

"ಮೂರಕ್ಕ ಅರೆಸ್ಟ್ ಮಾಡಿ ಕೋರ್ಟಿಗೆ ಒಯ್ತಾರಂತ್ರಿ. ಒಮ್ಮೆ ಜೇಲಿಗೆ ಹೋದ್ರ ಅಕಿನ್ನ ಬಿಡಿಸವ್ರು ಯಾರ್ರಿ?"

"ಮಗಳಿಗೂ ಆ ಬಸವಂತರಾಯರಿಗೂ ಜಗಳ ಇತ್ತಾ?"

ಕಾಶವ್ವ ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿಕೊಂಡಳು. "ಇತ್ರಿ" ಎಂದಳು. "ಮೂರು ವಾರದ ಹಿಂದ ಅಕಿ ಜೋಡಿ ಕಲಿಯೋ ರೋಶನ್ ಅನ್ನೋ ಹುಡುಗನ ಕೈಯಾಗ ಗಾಜಿನ ಜಾಡಿ ಸಿಡದು ಕಣ್ಣು ಹೋತು. ಶೈಲಾನ ತಪ್ಪು ಅಂತ ಆ ಸರ್ ಸಹಿ ಹಾಕಿದ್ರು. 'ನಿಮ್ಮ ಕಣ್ಣು ಹೋಗಿದ್ರ ಗೊತ್ತಾಗ್ತಿತ್ತು' ಅಂತ ಎಲ್ಲಾರ ಮುಂದ ಅಂದಾಳ್ರಿ. ನಾಲಿಗಿ ಭಾಳ ಉದ್ದ ಅಕೀದು. ಕೈ ಹಂಗಲ್ರಿ."

ವಸಂತಿ ಚಪ್ಪಲಿ ಮೆಟ್ಟಿಕೊಂಡಾಗಿತ್ತು. "ಮಾಷ್ಟ್ರೆ, ಪೇಪರು ಸಂಜೆಗೂ ಇರ್ತದೆ. ಏಳಿ."

ಒಂಬತ್ತರ ಸ್ಲೋ ಲೋಕಲ್‌ನಲ್ಲಿ ಭಾಂಡುಪ್ ತಲುಪಿದೆವು. ಠಾಣೆಯ ಇನ್ಸ್‌ಪೆಕ್ಟರ್ ಗಾವಡೆ ವಸಂತಿಯವರಿಗೆ ಹಳೆಯ ಪರಿಚಯ. ಮರಾಠಿ, ಹಿಂದಿ ಬೆರೆಸಿ ಮಾತಾಡುವ ದಪ್ಪ ಮೀಸೆಯ ಮನುಷ್ಯ.

"ಮ್ಯಾಡಮ್, ಕೇಸ್ ಏಕದಂ ಸಾಫ್ ಹೈ" ಎಂದು ಶುರು ಮಾಡಿದ. ಕೇಂದ್ರದ ಗೇಟಿಗೆ ಒಂದೇ ಕ್ಯಾಮೆರಾ. ಹನ್ನೆರಡೂವರೆಗೆ ಉಳಿದ ವಿದ್ಯಾರ್ಥಿಗಳೆಲ್ಲ ಎದುರಿನ ಕ್ಯಾಂಟೀನಿಗೆ ಹೋದದ್ದು ಅದರಲ್ಲಿ ಕಾಣುತ್ತದೆ. ಹೊರಗಿನವರು ಯಾರೂ ಬಂದಿಲ್ಲ. ಒಳಗೆ ಉಳಿದವರು ನಾಲ್ಕೇ ಜನ: ಸತ್ತ ಬಸವಂತರಾಯ, ಶೈಲಾ, ಸಹಾಯಕ ಶಿಕ್ಷಕ ತಿಲಕ್ ಮತ್ತು ಆಫೀಸಿನಲ್ಲಿ ಮ್ಯಾನೇಜರ್ ಶೀತಲ. ಕಾವಲುಗಾರ ದೂಜ ಗೇಟಿನಲ್ಲೇ ಕೂತಿದ್ದ.

"ಬಸವಂತರಾಯರ ಫೋನಿನಿಂದ ಹುಡುಗಿಗೆ ಮೆಸೇಜ್ ಹೋಗಿದೆ. ಹನ್ನೆರಡು ನಲವತ್ತೈದಕ್ಕೆ ತಪಾಸಣೆ ಕೋಣೆಗೆ ಬಾ ಅಂತ. ಪೈಪಿನ ಮೇಲೆ ಏಳು ಅಂತ ಬರೆದಿದೆ. ಅದು ಅವಳ ನಂಬರು. ಇನ್ನೇನು ಬೇಕು?"

"ಅವರು ಬಿದ್ದಲ್ಲಿ ಬೇರೆ ಎಂಥದ್ದಾದರೂ ಇತ್ತಾ?"

"ರೋಶನ್ ಕಣ್ಣು ಕಳೆದುಕೊಂಡ ಅಪಘಾತದ ಫೈಲು. ಅದರಲ್ಲಿ ನಾಲ್ಕನೇ ಹಾಳೆ ಇಲ್ಲ. ಹುಡುಗಿಯೇ ಹರಿದಿರಬೇಕು."

"ಹರಿದ ಹಾಳೆ ಅವಳ ಹತ್ತಿರ ಸಿಕ್ಕಿತಾ?"

ಗಾವಡೆ ಮೀಸೆ ಸವರಿಕೊಂಡ. ಸಿಕ್ಕಿರಲಿಲ್ಲ.

ಶೈಲಾ ಒಳಕೋಣೆಯ ಬೆಂಚಿನ ಮೇಲೆ ಕೂತಿದ್ದಳು. ಇಪ್ಪತ್ನಾಲ್ಕರ ಹುಡುಗಿ, ಮೈಮೇಲೆ ರಾತ್ರಿ ಮನೆಗೆ ಹೋಗಿಯೂ ಬದಲಿಸದ, ನಿನ್ನೆಯ ರಕ್ತದ ಕಲೆಯ ಅದೇ ನೀಲಿ ಯೂನಿಫಾರ್ಮ್. ನನ್ನನ್ನು ಕಂಡು ಎದ್ದು ನಿಂತಳು. ತರಗತಿಯಲ್ಲಿ ಹೀಗೆಯೇ ಏಳುತ್ತಿದ್ದಳು. ಕೂಡಲು ಕೈ ಸನ್ನೆ ಮಾಡಿದೆ.

"ರೋಶನ್ ಕಣ್ಣು ಹೋದ ದಿನ ಗಾಜು ಆರಸೋ ಓವನ್ ಡ್ಯೂಟಿ ನಂದ ಇತ್ರಿ. ಆದ್ರ ನಾ ಹೊತ್ತಿಗೆ ಮೊದಲ ಬಾಗ್ಲಾ ತಗದಿಲ್ಲ. ಯಾರೂ ನಂಬಲಿಲ್ಲ" ಎಂದಳು. "ಅವತ್ತಿಂದ ನನ್ನ ಜೋಡಿ ಯಾರೂ ಊಟಕ್ಕ ಕೂಡೂದಿಲ್ಲ. ನಿನ್ನೆ ಸರ್ ಮೆಸೇಜ್ ಬಂತು. ನಾ ಹೋಗ್ಲಿಲ್ರಿ. ಕರದ ಕೂಡ್ಲೆ ಯಾಕ ಓಡಬೇಕು ಅಂತ ಜಿನ್ನೆದ ಮೆಟ್ಟಲ ಕೆಳಗ ಬುತ್ತಿ ಬಿಚ್ಚಿಕೊಂಡು ಬೇಕಂತ ಕೂತೆ. ಒಂದು ಗಂಟಿ ಐದು ನಿಮಿಷಕ್ಕ ಹೋದೆ. ನೆಲದ ಮ್ಯಾಲ ಬಿದ್ದಿದ್ರು. ತಲಿ ಎತ್ತಾಕ ಹೋದಾಗ ಅಂಗಿಗೆ ರಕ್ತ ಹತ್ತಿತು. ಪಕ್ಕದಾಗ ನನ್ನ ಪೈಪು."

"ಪೈಪು ನೀನು ಎಲ್ಲಿ ಇಡುವುದು?"

"ಭಟ್ಟಿ ಹತ್ರ ಸ್ಟ್ಯಾಂಡಿನಾಗ್ರಿ. ಎಲ್ಲಾರದೂ ಅಲ್ಲೇ."

ವಸಂತಿ ಅವಳ ಎರಡೂ ಕೈಗಳನ್ನು ತಿರುಗಿಸಿ ನೋಡಿ ಬಿಟ್ಟರು. ನಾನು ಮಾತ್ರ ಹೊರಗೆ ಬರುವಾಗ ಗಾವಡೆಗೆ ಎರಡು ಮಾತು ಬಿಗಿಯಾಗಿ ಹೇಳಿಯೇ ಬಂದೆ.

ತರಬೇತಿ ಕೇಂದ್ರ ಠಾಣೆಯಿಂದ ಹತ್ತು ನಿಮಿಷದ ದಾರಿ. ತಗಡಿನ ಮಾಡಿನ ದೊಡ್ಡ ಶೆಡ್ಡು. ಒಂದು ತುದಿಗೆ ಭಟ್ಟಿ. ಗಾಜಿನ ಭಟ್ಟಿಯನ್ನು ಎಂದೂ ಆರಿಸುವುದಿಲ್ಲವಂತೆ. ಮನುಷ್ಯ ಸತ್ತ ಮರುದಿನವೂ ಅದರ ಬಾಯಿ ಬಿಳಿಗೆಂಪಾಗಿ ಉರಿಯುತ್ತಿತ್ತು. ಮಧ್ಯದಲ್ಲಿ ಉದ್ದನೆಯ ಕಬ್ಬಿಣದ ಮೇಜು, ಅದರಾಚೆ ಕಿಟಕಿ, ಬದಿಯಲ್ಲಿ ಕಿಟಕಿಯಿಲ್ಲದ ತಪಾಸಣೆ ಕೋಣೆ. ಮೇಜಿನ ಮೇಲಿದ್ದ ಹಸಿರು ಬಾಟಲಿಯೊಂದನ್ನು ನೋಡೋಣವೆಂದು ಕೈ ಚಾಚಿದೆ. ಯಾರೋ ರಪ್ಪನೆ ನನ್ನ ಮಣಿಕಟ್ಟು ಹಿಡಿದರು. ಕಾವಲುಗಾರ ದೂಜ, ಐವತ್ತೈದರ ಸಣಕಲು ಮನುಷ್ಯ.

"ಇಲ್ಲಿ ಹಾಗೆ ಮುಟ್ಟುವುದಲ್ಲ ಮಾರಾಯ್ರೆ! ಬಿಸಿ ಗಾಜೂ ತಣ್ಣಗಿನ ಗಾಜೂ ಕಣ್ಣಿಗೆ ಒಂದೇ ಕಾಣುವುದು. ಮೊದಲು ಕೈಯ ಹಿಂಬದಿ ಹತ್ತಿರ ಹಿಡಿಯಬೇಕು, ಹೀಗೆ." ಅವನು ಅಂಗೈ ಮಡಿಸಿ ಬಾಟಲಿಯ ಹತ್ತಿರ ಒಯ್ದು ತೋರಿಸಿದ. "ಬಿಸಿ ಬಡಿಯದಿದ್ದರೆ ಮಾತ್ರ ಎತ್ತುವುದು. ದೊಡ್ಡ ಸರ್ ಮೊದಲ ದಿನ ಕಲಿಸುತ್ತಿದ್ದದ್ದೇ ಇದು. ಮರೆತವರನ್ನು ಹೊರಗೆ ನಿಲ್ಲಿಸುತ್ತಿದ್ದರು." ದೊಡ್ಡ ಸರ್ ಎಂದರೆ ಬಸವಂತರಾಯರು.

"ನಿನ್ನೆ ಎಂಥ ಆಯ್ತು ದೂಜಣ್ಣ?" ವಸಂತಿ ಕೇಳಿದರು.

"ಆ ಹುಡುಗಿ ಬೊಬ್ಬೆ ಹಾಕಿದಳು. ನಾನು ಗೇಟಿನಿಂದ ಓಡಿದೆ. ತಿಲಕ್ ಸರ್ ಭಟ್ಟಿ ಕಡೆಯಿಂದ ಬಂದರು. ದೊಡ್ಡ ಸರಿಗೆ ಉಸಿರು ಇತ್ತಮ್ಮ. ಆ ಕೋಣೆಯಲ್ಲಿ ಕತ್ತಲೆ, ಗಾಳಿ ಇಲ್ಲ. ಹಾಗಾಗಿ ಹೊರಗೆ ತಂದೆವು. ನಾನು ಕಾಲು ಹಿಡಿದದ್ದು, ತಿಲಕ್ ಸರ್ ತಲೆ ಕಡೆ. ಈ ಮೇಜಿನ ಮೇಲೆ ತಿಲಕ್ ಸರ್ ಮಾಡಿಟ್ಟ ಗಾಜಿನ ಬಿಲ್ಲೆ ಇತ್ತು. ಅವರು ಗಡಿಬಿಡಿಯಲ್ಲಿ ಒಂದು ಕೈಯಲ್ಲಿ ಅದನ್ನು ಎತ್ತಿ ಕಿಟಕಿಯ ಮೇಲೆ ಇಟ್ಟರು, ನಾವು ಸರನ್ನು ಮಲಗಿಸಿದೆವು. ಆಂಬ್ಯುಲೆನ್ಸ್ ಬರುವಾಗ ಹೋಗಿಯೇಬಿಟ್ಟರು."

ಬಿಲ್ಲೆ ಇನ್ನೂ ಕಿಟಕಿಯ ಕಟ್ಟೆಯ ಮೇಲೇ ಇತ್ತು. ಅಂಗೈಯಗಲ, ಎರಡು ಬೆರಳು ದಪ್ಪ. ಪೊಲೀಸರು ಅದರತ್ತ ನೋಡಿಯೂ ಇರಲಿಲ್ಲ. ಅಂಚಿನಲ್ಲಿ ರಕ್ತದ ನಾಲ್ಕು ಬೆರಳಿನ ಗುರುತುಗಳು ಕಂದು ಬಣ್ಣಕ್ಕೆ ಒಣಗಿದ್ದವು, ಬೆರಳಿನ ಗೆರೆ ಎಣಿಸುವಷ್ಟು ಸ್ಪಷ್ಟವಾಗಿ. ವಸಂತಿ ಕನ್ನಡಕ ಏರಿಸಿ ನೋಡಿದರು. ಮುಟ್ಟಲಿಲ್ಲ.

ಅಷ್ಟರಲ್ಲಿ ತಿಲಕ್ ಬಂದ. ಮೂವತ್ತೈದರ ಸುಂದರ ಗಂಡಸು, ವಿಲೆ ಪಾರ್ಲೆಯಲ್ಲಿ ಹುಟ್ಟಿ ಬೆಳೆದವನು. ನಮಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ. ಕಟಿಂಗ್ ಚಹಾದ ಅರ್ಧ ಗ್ಲಾಸನ್ನು ಎತ್ತುವ ಮೊದಲು ಅದರ ಹತ್ತಿರವೂ ಕೈಯ ಹಿಂಬದಿ ಹಿಡಿದ. ನನಗೆ ನಗು ಬಂತು. ಅವನಿಗೂ ಗೊತ್ತಾಯಿತು.

"ಆದತ್ ಹೋಗಲ್ಲ ಸರ್. ಮನೇಲೂ ಹೆಂಡ್ತಿ ನಗ್ತಾಳೆ" ಎಂದ. "ಬಸವಂತರಾಯ ಸರ್ ನನ್ನ ಗುರು. ಹನ್ನೊಂದು ವರ್ಷದಿಂದ. ಇನ್ನೂ ಬಿಲೀವ್ ಆಗ್ತಿಲ್ಲ."

"ನೀವು ಆ ಹೊತ್ತಿಗೆ ಎಲ್ಲಿದ್ರಿ?"

"ಇಲ್ಲೇ, ಭಟ್ಟಿ ಹತ್ರ. ಎರಡು ಗಂಟೆಗೆ ನನ್ನ ಲೆಕ್ಚರ್ ಇತ್ತು. ಹೊಸ ಗಾಜು ಇದೆಯಲ್ಲ, ಹೊರಗೆ ಬೇಗ ಆರುತ್ತೆ, ಒಳಗೆ ನಿಧಾನ. ಅದರೊಳಗೆ ಎಳೆದಾಟ ಉಳಿಯುತ್ತೆ. ಅದಕ್ಕೇ ಅದನ್ನ ಓವನ್‌ನಲ್ಲಿ ಇಡೀ ರಾತ್ರಿ ಸ್ಲೋ ಆಗಿ ಆರಿಸಬೇಕು. ಇಲ್ಲಾಂದ್ರೆ ಯಾವಾಗ ಸಿಡಿಯುತ್ತೋ ಹೇಳೋಕಾಗಲ್ಲ. ರೋಶನ್‌ಗೆ ಆಗಿದ್ದು ಅದೇ. ಸ್ಟೂಡೆಂಟ್ಸ್‌ಗೆ ತೋರಿಸೋಕೆ ಓವನ್‌ಗೆ ಹಾಕದ ಪೀಸ್ ಬೇಕಿತ್ತು. ಮೂರು ಪೀಸ್ ಕ್ರ್ಯಾಕ್ ಆಯ್ತು, ಒಡೆದ ಗಾಜಿನ ರಾಶಿಗೆ ಹಾಕ್ದೆ. ನಾಲ್ಕನೇದು ಸರಿ ಬಂತು. ಮೇಜಿನ ಮೇಲೆ ಇಟ್ಟು ಐದು ನಿಮಿಷ ಆಗಿರಲಿಲ್ಲ, ಶೈಲಾ ಕೂಗಿದಳು."

"ಕಿಟಕಿಯಲ್ಲಿರುವುದು ಅದೇ ಬಿಲ್ಲೆಯಾ?"

"ಹಾಂ, ಅದೇ. ಓವನ್ ನೋಡೇ ಇಲ್ಲ ಅದು. ಒಡೆಯದೆ ಉಳಿದಿದ್ದೇ ಲಕ್."

ಅವನು ಕೆಲಸ ಬಿಟ್ಟು ದುಬೈ ಕಡೆಯ ಕಾರ್ಖಾನೆಗೆ ಟ್ರೇನರ್ ಆಗಿ ಹೋಗುವವನಿದ್ದ, ಮುಂದಿನ ತಿಂಗಳು ಒಂದನೇ ತಾರೀಖಿಗೆ ಟಿಕೆಟ್ ಆಗಿದೆ ಎಂಬುದನ್ನು ಅವನೇ ಹೇಳಿದ. ವಸಂತಿ "ಒಳ್ಳೆದಾಯ್ತಲ್ಲ" ಎಂದರು.

ಮ್ಯಾನೇಜರ್ ಶೀತಲ ಬೆಳಗಾವಿಯವಳು. ಕಣ್ಣು ಕೆಂಪಾಗಿತ್ತು. ಊಟದ ಹೊತ್ತಿನಲ್ಲಿ ಆಫೀಸಿನ ಬಾಗಿಲು ಹಾಕಿ ಬಾಟಲಿ ಕಂಪನಿಯವರ ಜೊತೆ ವಿಡಿಯೋ ಮೀಟಿಂಗಿನಲ್ಲಿದ್ದೆ ಎಂದಳು. ಅದರ ರೆಕಾರ್ಡಿಂಗನ್ನೂ ತೋರಿಸಿದಳು. ಹನ್ನೆರಡೂವರೆಯಿಂದ ಗದ್ದಲ ಕೇಳಿ ಏಳುವತನಕ ಅವಳ ಮುಖ ಪರದೆಯಿಂದ ಸರಿದಿರಲಿಲ್ಲ.

"ಅಪಘಾತದ ಫೈಲು ಬಸವಂತರಾಯರ ಕೈಗೆ ಹೇಗೆ ಬಂತು?"

"ನಿನ್ನೆ ಮುಂಜಾನೆ ಅವರ ಬಂದು ಇಸಗೊಂಡು ಹೋದ್ರಿ."

"ಏನೂ ಹೇಳಲಿಲ್ಲವಾ?"

ಅವಳು ಮೇಜಿನ ಮೇಲಿನ ಪೆನ್ನನ್ನು ಆಚೆ ಈಚೆ ಸರಿಸಿದಳು. "ಇಲ್ರಿ."

ಹೊರಗೆ ಬಂದ ಮೇಲೆ ನಾನು ವಸಂತಿಯವರ ಕಿವಿಯಲ್ಲಿ ಪಿಸುಗುಟ್ಟಿದೆ: "ಬಾಯಾರ, ಈ ಹುಡುಗಿ ಸುಳ್ಳು ಹೇಳಾಕತ್ಯಾಳ."

"ಹೇಳ್ತಾಳೆ. ಆದ್ರೆ ಕೊಂದವಳಲ್ಲ, ಹೆದರಿದವಳು." ವಸಂತಿ ಗಡಿಯಾರ ನೋಡಿದರು. ಹನ್ನೊಂದೂ ಕಾಲು. ಗಾವಡೆಗೆ ಫೋನ್ ಹಚ್ಚಿ, "ಶೈಲಾಳನ್ನು ಕರ್ಕೊಂಡು ಹನ್ನೆರಡಕ್ಕೆ ಇಲ್ಲಿ ಬನ್ನಿ. ನಾನು ತಪ್ಪಾದರೆ ಮೂರಕ್ಕೆ ನಿಮ್ಮ ಕೆಲಸ ಮಾಡಿ. ಅಡ್ಡ ಬರೂದಿಲ್ಲ" ಎಂದರು. ಅವರು ತಪ್ಪಾದರೆ ಕಾಶವ್ವನಿಗೆ ಏನು ಹೇಳುವುದು?

ಹನ್ನೆರಡಕ್ಕೆ ಎಲ್ಲರೂ ಭಟ್ಟಿಯ ಮುಂದೆ ಸೇರಿದೆವು. ಗಾವಡೆ, ಇಬ್ಬರು ಪೇದೆಗಳು, ತಿಲಕ್, ಶೀತಲ, ದೂಜ. ಕಾಶವ್ವನೂ ಅಷ್ಟರಲ್ಲಿ ರೈಲು ಹಿಡಿದು ಬಂದು ಬಾಗಿಲ ಬಳಿ ಕೂತಿದ್ದಳು. ಹೆಣ್ಣು ಪೇದೆ ಶೈಲಾಳ ತೋಳು ಹಿಡಿದು ಒಳತಂದಳು.

"ಶೈಲಾ, ನಿನಗೆ ಗಾಜಿನ ಬಿಲ್ಲೆ ಮಾಡಲಿಕ್ಕೆ ಬರ್ತದಾ?" ವಸಂತಿ ಕೇಳಿದರು. "ಕಿಟಕಿಯಲ್ಲಿ ಇದೆಯಲ್ಲ, ಅಂಥದ್ದೇ ಒಂದು ಮಾಡು."

ಹುಡುಗಿ ಗಾವಡೆಯತ್ತ ನೋಡಿದಳು. ಅವನು ತಲೆಯಾಡಿಸಿದ. ಕೈಗವಸು ಹಾಕಿ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿ, ಬೇರೆಯವರ ಪೈಪೊಂದನ್ನು ತೆಗೆದುಕೊಂಡಳು. ಅವಳದು ಪೊಲೀಸರ ಬಳಿ ಇತ್ತಲ್ಲ. ಭಟ್ಟಿಯೊಳಗಿನಿಂದ ಜೇನಿನಂತೆ ಜಿಗುಟಾದ, ಉರಿವ ಗಾಜಿನ ಮುದ್ದೆಯನ್ನು ಸುತ್ತಿ ತಂದು ಅಚ್ಚಿಗೆ ಬಿಟ್ಟು ಒತ್ತಿದಳು. ಇಕ್ಕಳದಿಂದ ಎತ್ತಿ ಮೇಜಿನ ಮೇಲಿಟ್ಟಳು. ಕಿತ್ತಳೆ ಬಣ್ಣ ನೋಡನೋಡುತ್ತ ಇಳಿದು, ಬಿಲ್ಲೆ ತಿಳಿನೀರಿನಂತೆ ಆಯಿತು. ಈಗ ಅದಕ್ಕೂ ಕಿಟಕಿಯ ಬಿಲ್ಲೆಗೂ ನನ್ನ ಕಣ್ಣಿಗೆ ಏನೇನೂ ವ್ಯತ್ಯಾಸವಿರಲಿಲ್ಲ.

"ಐದು ನಿಮಿಷ ಕಾಯುವಾ" ಎಂದರು ವಸಂತಿ. ಭಟ್ಟಿಯ ಮೊರೆತ ಒಂದೇ. ಐದು ನಿಮಿಷದ ಮೇಲೆ ಒಂದು ನಿಮಿಷ ಹೆಚ್ಚೇ ಕಾದು, ಅವರು ತಿಲಕ್‌ನತ್ತ ತಿರುಗಿದರು. "ತಿಲಕ್, ನಿನ್ನೆ ಹೇಗೆ ಎತ್ತಿ ಕಿಟಕಿಯಲ್ಲಿ ಇಟ್ಟಿರೋ, ಇದನ್ನೂ ಹಾಗೇ ಎತ್ತಿ ಇಡಿ."

ತಿಲಕ್ ಮುಂದೆ ಬಂದ. ಅಂಗೈ ಮಡಿಸಿ ಕೈಯ ಹಿಂಬದಿಯನ್ನು ಬಿಲ್ಲೆಯ ಹತ್ತಿರ ಒಯ್ದ. ತಟ್ಟನೆ ಹಿಂದೆಳೆದುಕೊಂಡ. ಆಮೇಲೆ ಹಾಗೇ ನಿಂತುಬಿಟ್ಟ. ತಾನು ಏನು ಮಾಡಿದೆನೆಂದು ಅವನಿಗೆ ಹೊಳೆದದ್ದು ಆಗಲೇ. ಮುಖದ ಬಣ್ಣ ಇಳಿದುಹೋಯಿತು.

"ಎತ್ತಿ ಮಾರಾಯ್ರೆ. ನಿನ್ನೆ ಎತ್ತಿದ್ದೀರಿ, ಬರಿಗೈಯಲ್ಲಿ."

"ಅದು... ನಿನ್ನೆ ಟೆನ್ಶನ್‌ನಲ್ಲಿ..."

"ಟೆನ್ಶನ್ ನಿಮಗೆ ಇರ್ತದೆ, ಗಾಜಿಗೆ ಇಲ್ಲವಲ್ಲ" ಎಂದರು ವಸಂತಿ. "ನಿಮ್ಮ ಕೈ ತೋರಿಸಿ. ಒಂದು ಗುಳ್ಳೆಯೂ ಇಲ್ಲ. ಗಾವಡೆ ಸಾಹೇಬ್ರೆ, ಕಿಟಕಿಯ ಬಿಲ್ಲೆಯ ಮೇಲೆ ನಾಲ್ಕು ಬೆರಳಿನ ರಕ್ತದ ಗುರುತು ಉಂಟು. ಬಿಸಿ ಗಾಜಾಗಿದ್ದರೆ ರಕ್ತ ಸುಟ್ಟು ಕರಿಯಾಗ್ತಿತ್ತು, ಬೆರಳಿನ ಚರ್ಮ ಅಲ್ಲೇ ಅಂಟಿಕೊಳ್ತಿತ್ತು. ಇದರಲ್ಲಿ ಗೆರೆ ಸಹ ಕಾಣ್ತದೆ. ಅಂದರೆ ನಿನ್ನೆ ಒಂದು ಗಂಟೆಗೆ ಆ ಬಿಲ್ಲೆ ತಣ್ಣಗಿತ್ತು. ಇವರು ಹೇಳಿದ ಹಾಗೆ ಓವನ್ ನೋಡದ, ಐದು ನಿಮಿಷದ ಹಿಂದೆ ಮಾಡಿದ ಬಿಲ್ಲೆ ಅಲ್ಲ."

ಗಾವಡೆ ಕಿಟಕಿಯ ಬಳಿ ಹೋಗಿ ಬಿಲ್ಲೆಯ ಮೇಲೆ ಬಗ್ಗಿ ನೋಡಿದ.

"ತಣ್ಣಗಿದೆ ಅಂತ ಮುಟ್ಟಿದ ಮೇಲೆ ಗೊತ್ತಾಯ್ತು ಅಂತ ಹೇಳಬಹುದು" ವಸಂತಿ ಮುಂದುವರಿಸಿದರು. "ಆದ್ರೆ ಚಹಾದ ಗ್ಲಾಸಿಗೂ ಕೈಯ ಹಿಂಬದಿ ಹಿಡಿಯುವವರು ಇವರು. ಗಡಿಬಿಡಿಯಲ್ಲಿ ಅಭ್ಯಾಸ ಮರೆಯುವುದಿಲ್ಲ, ಅಭ್ಯಾಸವೇ ಮೊದಲು ಬರುವುದು. ನಿನ್ನೆ ಬರಲಿಲ್ಲ. ಯಾಕೆಂದರೆ ಅದು ಹಳೆಯ ಬಿಲ್ಲೆ ಅಂತ ಇಡೀ ಶೆಡ್ಡಿನಲ್ಲಿ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಅದನ್ನು ತಂದು ಇಟ್ಟವರಿಗೆ."

"ಇದು ಗೆಸ್" ಎಂದ ತಿಲಕ್. "ಪ್ರೂಫ್ ಎಲ್ಲಿ?"

"ಪ್ರೂಫ್ ಶೈಲಾ ತೋರಿಸ್ತಾಳೆ. ಬನ್ನಿ."

ತಪಾಸಣೆ ಕೋಣೆಯ ನೆಲದಲ್ಲಿ ರಕ್ತದ ಕಲೆ ಇನ್ನೂ ಇತ್ತು. ಶೈಲಾ ಅದನ್ನು ಬಳಸಿ ದಾಟಿ, ಪೋಲರಿಸ್ಕೋಪ್ ಎಂಬ ಯಂತ್ರದ ದೀಪ ಹಾಕಿದಳು. ಕೆಳಗೊಂದು ಮೇಲೊಂದು ಕಪ್ಪು ಗಾಜು, ನಡುವೆ ಪರೀಕ್ಷೆಯ ವಸ್ತು ಇಡಲು ಜಾಗ, ಅಷ್ಟೇ. ಮೊದಲು ತನ್ನ ಬಿಸಿ ಬಿಲ್ಲೆಯನ್ನು ಇಕ್ಕಳದಿಂದ ಹಿಡಿದು ನಡುವೆ ತಂದಳು. ಅದರ ತುಂಬ ನೀಲಿ, ಹಳದಿ, ಕೆಂಪು ಪಟ್ಟೆಗಳು ಎದ್ದವು.

"ಇದು ಓವನ್‌ಗೆ ಹೋಗಿಲ್ರಿ. ಒಳಗ ಜಗ್ಗಾಟ ಐತಿ. ಜಗ್ಗಾಟ ಇದ್ದಲ್ಲಿ ಬಣ್ಣ ಕಾಣ್ತದ" ಎಂದಳು. ಧ್ವನಿಯಲ್ಲಿ ಅಳುಕಿರಲಿಲ್ಲ. ತನ್ನ ಪಾಠವನ್ನು ತಾನು ಒಪ್ಪಿಸುತ್ತಿದ್ದಳು.

ಗಾವಡೆ ಕೈಗವಸು ಹಾಕಿಕೊಂಡು ಕಿಟಕಿಯ ಬಿಲ್ಲೆಯನ್ನು ತಾನೇ ಇಟ್ಟ. ಕಪ್ಪು. ತಿರುಗಿಸಿ ಇಟ್ಟ. ಆಗಲೂ ಕಪ್ಪು. ಒಂದು ಎಳೆ ಬಣ್ಣವೂ ಬರಲಿಲ್ಲ.

"ಇದು ಓವನ್‌ನಾಗ ರಾತ್ರಿಪೂರ್ತಿ ಇದ್ದದ್ದು. ಎಳ್ಳಷ್ಟೂ ಜಗ್ಗಾಟ ಇಲ್ಲ." ಶೈಲಾ ನಿಧಾನವಾಗಿ ತಿಲಕ್‌ನತ್ತ ತಿರುಗಿದಳು. "ಸರ್, ಓವನ್ ನೋಡೇ ಇಲ್ಲ ಅಂದ್ರಂತಲ್ರಿ?"

ವಸಂತಿ ಹೇಳಿದರು: "ಓವನ್‌ಗೆ ಹಾಕದ ದಪ್ಪ ಬಿಲ್ಲೆಯನ್ನು ಮೊದಲೇ ಮಾಡಿ ಇಡಲಿಕ್ಕೆ ಧೈರ್ಯ ಸಾಲದು, ಯಾವ ಕ್ಷಣ ಒಡೆಯುವುದೋ. ಕಪಾಟಿನಲ್ಲಿ ಒಡೆಯದೆ ಇರುವುದೆಲ್ಲ ಓವನ್ ಕಂಡದ್ದೇ. ಅದರಲ್ಲೇ ಒಂದನ್ನು ತಂದು ಮೇಜಿನ ಮೇಲೆ ಇಟ್ಟು, ಶೈಲಾಳ ಪೈಪು ಹಿಡಿದು ಈ ಕೋಣೆಗೆ ಬಂದರು. ಕೇಳಿದವರಿಗೆ ಬಿಲ್ಲೆ ತೋರಿಸಿ, ಅದನ್ನು ಮಾಡ್ತಾ ಇದ್ದೆ ಅಂದರಾಯ್ತು. ಬಸವಂತರಾಯರಿಗೆ ಇನ್ನೂ ಉಸಿರಿರ್ತದೆ, ಅವರನ್ನು ಅದೇ ಮೇಜಿಗೆ ತರಬೇಕಾಗ್ತದೆ ಅಂತ ಎಣಿಸಿರಲಿಲ್ಲ." ಅವರು ಶೀತಲಳನ್ನು ನೋಡಿದರು. "ಯಾಕೆ ಹೊಡೆದದ್ದು ಅಂತ ಇನ್ನು ನೀನು ಹೇಳಬೇಕು. ನೀನು ಹೇಳದೆ ಈ ಹುಡುಗಿ ಜೈಲಿಗೆ ಹೋಗುವವಳಿದ್ದಳು, ಗೊತ್ತುಂಟಾ?"

ಶೀತಲ ಮುಖ ಮುಚ್ಚಿಕೊಂಡಳು. "ಫೈಲು ಇಸಗೊಳ್ಳುವಾಗ ಸರ್ ಅಂದ್ರು, 'ನಾ ತಪ್ಪು ಸಹಿ ಹಾಕೀನಿ, ಇವತ್ತ ಸರಿ ಮಾಡ್ತೀನಿ' ಅಂತ. ಸೇಫ್ಟಿ ಇನ್ಸ್‌ಪೆಕ್ಟರ್ ಮೂರಕ್ಕ ಬರವರಿದ್ರು. ಓವನ್ ತನ್ನ ತಾಪ ತಾನ ಬರೀತದಲ್ರಿ, ಆ ಹಾಳಿ, ಫೈಲಿನ ನಾಲ್ಕನೇದ್ದು, ಅವರ ಕಣ್ಣಿಗೆ ಬಿದ್ದಿತ್ತು. ಅದರಾಗ ರೋಶನ್‌ಗ ಪೆಟ್ಟಾದ ಹಿಂದಿನ ದಿನ ಸಂಜೀ ನಾಲ್ಕಕ್ಕ ಓವನ್ ಬಂದ್ ಮಾಡಿದ್ದು 'ಕ್ಲಿಯರ್' ಕಾಣ್ತಿತ್ತು. ಕೇಂದ್ರ ಮುಚ್ಚಸ್ತಾರ ಅಂತ ಹೆದರಿ ನಾ ಬಾಯಿ ಬಿಡಲಿಲ್ರಿ."

"ಸಂಜೆ ನಾಲ್ಕಕ್ಕೆ ಓವನ್ ಯಾರ ಕೈಯಲ್ಲಿತ್ತು?"

ಉತ್ತರ ಕೊಟ್ಟವನು ದೂಜ. "ತಿಲಕ್ ಸರ್. ಸಂಜೆ ಹೊತ್ತು ಯಾವಾಗಲೂ ಅವರದ್ದೇ."

ತಿಲಕ್ ಗೋಡೆಗೊರಗಿ ಕುಸಿದ. "ಅವತ್ತು ಮನೆಗೆ ಬೇಗ ಹೋಗಬೇಕಿತ್ತು" ಎಂದ. "ಒಂದು ದಿನ. ಒಂದೇ ದಿನ ಬೇಗ ಬಂದ್ ಮಾಡ್ದೆ, ಜಾಡಿ ಸರಿಯಾಗಿ ಆರಲಿಲ್ಲ. ಸರ್ ನಿನ್ನೆ ಬೆಳಿಗ್ಗೆ ನನ್ನನ್ನೇ ಮೊದಲು ಕರೆದ್ರು. 'ನೀನಾಗೇ ಒಪ್ಪಿಕೋ ತಿಲಕ್, ಆ ಹುಡುಗಿಗೆ ನಾನು ಮಧ್ಯಾಹ್ನ ಹೇಳ್ತೀನಿ' ಅಂದ್ರು. ಒಪ್ಪಿಕೊಂಡ್ರೆ ದುಬೈ ಇಲ್ಲ, ಫೀಲ್ಡಿನಲ್ಲೇ ಮುಖ ತೋರ್ಸೋ ಹಾಗಿಲ್ಲ. ಕಾಲಿಗೆ ಬಿದ್ದೆ ನಾನು. ಕೇಳಲಿಲ್ಲ."

"ಹಾಳೆ?"

ಅವನು ಭಟ್ಟಿಯತ್ತ ಕೈ ತೋರಿಸಿದ.

ನನ್ನ ಮೈ ಉರಿದುಹೋಯಿತು. ಒಬ್ಬ ಹುಡುಗನ ಕಣ್ಣು, ಒಬ್ಬ ಗುರುವಿನ ಜೀವ ತೆಗೆದುಕೊಂಡು, ಮೂರನೆಯವಳ ಬಾಳನ್ನೂ ಸೇರಿಸಿ ಕೊಡಲು ಹೊರಟಿದ್ದವನು ಈಗ ಅಳುತ್ತ ಕೂತಿದ್ದ. ಥೂ ಎಂದು ಅಲ್ಲೇ ಅಂದೆ. ಗಾವಡೆ ಅವನನ್ನು ಎಬ್ಬಿಸಿ ಕರೆದೊಯ್ದ. ಹೋಗುವಾಗ ಶೈಲಾಳಿಗೆ, "ಬೇಟಿ, ಘರ್ ಜಾ" ಎಂದ. ಅಷ್ಟೇ. ಚಾಳಿನೆದುರು ಆದ ಅವಮಾನಕ್ಕೆ ಅಷ್ಟೇ!

ಕಾಶವ್ವ ಓಡಿ ಬಂದು ಮಗಳನ್ನು ಅಪ್ಪಿಕೊಂಡಳು. ಶೈಲಾ ತಾಯಿಯ ಹೆಗಲ ಮೇಲಿಂದ ವಸಂತಿಯವರನ್ನೇ ನೋಡುತ್ತಿದ್ದಳು.

"ಅಕ್ಕಾರ, ನನ್ನ ತಪ್ಪಿಲ್ಲ ಅಂತ ಹೇಳಾಕ ಕರದಿದ್ರೇನ್ರಿ ಸರ್?"

"ಹೌದು."

"ನಾ ಹನ್ನೆರಡು ನಲವತ್ತೈದಕ್ಕ ಹೋಗಿದ್ರ ಬದುಕ್ತಿದ್ರೇನು?"

ನಾನು ಬೇಗ, "ಇಲ್ಲವ್ವ, ಆಗ್ಲೇ ಮುಗದಿತ್ತು" ಎನ್ನಲು ಹೊರಟೆ. ವಸಂತಿ ನನ್ನ ತೋಳು ಹಿಡಿದರು.

"ಗೊತ್ತಿಲ್ಲ ಮಗಾ" ಎಂದರು. "ಬದುಕುತ್ತಿದ್ದರೋ ಏನೋ. ನೀನೂ ಸಾಯ್ತಿದ್ದೆಯೋ ಏನೋ. ಹೊಡೆದದ್ದು ನೀನಲ್ಲ, ಅದು ಮಾತ್ರ ಗೊತ್ತುಂಟು."

ಬಸವಂತರಾಯರ ದೇಹವನ್ನು ನಾಲ್ಕಕ್ಕೆ ಮುಲುಂಡ್‌ನ ಅವರ ಬಿಲ್ಡಿಂಗಿಗೆ ತರುತ್ತಾರೆಂದು ದೂಜ ಹೇಳಿದ್ದ. ಸ್ಟೇಷನ್ನಿನಲ್ಲಿ ಶೈಲಾ ಸಯನ್ ಕಡೆಯ ಪ್ಲಾಟ್‌ಫಾರ್ಮಿಗೆ ಇಳಿಯದೆ ಎದುರಿನ ಮುಲುಂಡ್ ಕಡೆಯದಕ್ಕೆ ನಡೆದಳು. ನಾವು ಮೂವರೂ ಹಿಂದೆ ಹೋದೆವು. ಕಾಶವ್ವ ತನ್ನ ಸೀರೆಯ ಸೆರಗು ಬಿಚ್ಚಿ ಮಗಳ ಯೂನಿಫಾರ್ಮಿನ ಕಲೆ ಕಾಣದಂತೆ ಹೊದಿಸಿದ್ದಳು. ರೈಲಿನಲ್ಲಿ ಇಬ್ಬರೂ ಒಂದೇ ಸೆರಗಿನಲ್ಲಿ ನಿಂತಿದ್ದರು.

ಕಾಂಪೌಂಡಿನಲ್ಲಿ ಬಸವಂತರಾಯರನ್ನು ಲಿಂಗಾಯತರ ಪದ್ಧತಿಯಂತೆ ಕುರ್ಚಿಯಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ತಲೆಯ ಗಾಯ ಕಾಣದಂತೆ ರುಮಾಲು ಸುತ್ತಿದ್ದರು. ಭಜನೆ ನಡೆದಿತ್ತು. ಸಾಲಿನ ಕೊನೆಗೆ ನಿಂತ ಶೈಲಾ ಕೈ ಮುಗಿದು ಹಿಂದೆ ಸರಿಯುವಾಗ, ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ತಲೆ ಎತ್ತಿದರು.

"ನೀ ಯಾರವ್ವ?"

"ಸರ್ ಕಡೆ ಕಲಿಯಾಕಿ ರೀ. ಶೈಲಾ."

ಆ ತಾಯಿ ಅವಳ ಕೈ ಹಿಡಿದುಕೊಂಡರು. ಪೊಲೀಸರು ಯಾರನ್ನು ಹಿಡಿದಿದ್ದರೆಂಬುದು ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ.

"ಮೂರು ದಿನ ಉಂಡಿರಲಿಲ್ಲವ್ವ ಅವರು" ಎಂದರು. "'ಆ ಹುಡುಗಿಗೆ ಅನ್ಯಾಯ ಮಾಡೀನಿ, ಹೆಂಗ ಮಾರಿ ತೋರಸ್ಲಿ' ಅಂತಿದ್ರು. ನಿನ್ನೆ ಮುಂಜಾನೆ ಎರಡು ರೊಟ್ಟಿ ಉಂಡು ಹೋದ್ರು. ಇವತ್ತ ಹೇಳಿಬಿಡ್ತೀನಿ ಅಂತ." ಪಕ್ಕಕ್ಕೆ ಸರಿದು ಜಮಖಾನದ ಮೇಲೆ ಜಾಗ ಮಾಡಿದರು. "ಕೂಡು. ಅವರ ಹತ್ರ ಕೂಡು."

ಶೈಲಾ ಕೂತಳು. ಎರಡು ದಿನದಿಂದ ಒಂದು ಹನಿ ಕಣ್ಣೀರು ಹಾಕದ ಹುಡುಗಿ, ಗುರುವಿನ ಕಾಲ ಬಳಿ ಹಣೆಯಿಟ್ಟು ಅತ್ತಳು. ಭಜನೆಯವರು ಹಾಡು ನಿಲ್ಲಿಸಿ ಅವಳ ಅಳು ಮುಗಿಯುವತನಕ ಕಾದರು.